ರೆಫ್ಯೂಜಿಯಂನ ಕೂದಲು ಪಾಚಿ ಹತೋಟಿಗೆ ಬಂದದ್ದು ಹೀಗೆ

ಕೋಲಾರದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಮೊದಲ ತಲೆನೋವು ಬೋರ್‌ವೆಲ್ ನೀರೇ. ನಮ್ಮ ರೆಫ್ಯೂಜಿಯಂನಲ್ಲಿ (ಮುಖ್ಯ ಟ್ಯಾಂಕಿಗೆ ಜೋಡಿಸಿದ, ಪಾಚಿ ಬೆಳೆಸುವ ಪುಟ್ಟ ತೊಟ್ಟಿ) ಬೇಕೆಂದೇ ಬೆಳೆಸಿದ ಕೀಟೊಮಾರ್ಫಾ (ಕೀಟೊ) ಎಂಬ ಪಾಚಿಯ ಉಂಡೆಯ ಮೇಲೆಲ್ಲ ಬೇಡದ ಕೂದಲು ಪಾಚಿ ಹಬ್ಬಿತ್ತು. ಕೀಟೊದ ಗಟ್ಟಿ ಎಳೆಗಳನ್ನು ಬಿಡಿಸಿದರೆ ಬೆರಳಿಗೆ ಹಸಿರು ಲೋಳೆ ಮೆತ್ತಿಕೊಳ್ಳುತ್ತಿತ್ತು.

ಆರ್‌ಓ ಫಿಲ್ಟರಿನ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 38. ಕುಡಿಯೋಕೆ ಸಾಕು, ಟ್ಯಾಂಕಿಗಲ್ಲ. ಆರ್‌ಓ ಪೊರೆ ಪಾಚಿಗೆ ಗೊಬ್ಬರವಾಗುವ ನೈಟ್ರೇಟನ್ನು ಪೂರ್ತಿ ತಡೆಯುವುದಿಲ್ಲ. ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿಯುತ್ತದೆ. ಮತ್ತೆ ತುಂಬಿದಾಗೆಲ್ಲ ಇನ್ನಷ್ಟು ಸೇರುತ್ತದೆ. ಆರ್‌ಓ ಆದಮೇಲೆ ನೀರು ಹಾಯುವಂತೆ ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿದಿಡುವ ಹರಳು) ಜೋಡಿಸಿ ಟಿಡಿಎಸ್ ಸೊನ್ನೆಗೆ ಇಳಿಸಿದೆ. ಅರ್ಧ ಕೆಲಸ ಅಲ್ಲೇ ಮುಗೀತು.

ಇನ್ನು ಪಾಚಿ ಮೇಯುವ ಜೀವಿಗಳ ಆಯ್ಕೆ. ಅಂಗಡಿಯವರು ಸೀ ಹೇರ್ (ಮೆತ್ತನೆ ಮೈಯ ಕಡಲ ಹುಳು) ತಗೊಳ್ಳಿ ಅಂದರು. ಪಾಚಿಯನ್ನು ಚೊಕ್ಕಟ ಮಾಡುತ್ತದೆ ನಿಜ, ಆಮೇಲೆ ಹಸಿವಿನಿಂದ ಸಾಯುತ್ತದೆ. ಬೇಡ ಅಂದೆ. ಮುಳ್ಳುಮೈಯ ಸೀ ಅರ್ಚಿನ್ ತಂದು ಬಿಟ್ಟರೆ ಕೀಟೊವನ್ನೂ ಮುಗಿಸೀತು. ನಸ್ಸಾರಿಯಸ್ ಬಸವನಹುಳು ಪಾಚಿ ಮುಟ್ಟೋದೇ ಇಲ್ಲ, ಅದಕ್ಕೆ ಮಾಂಸವೇ ಆಗಬೇಕು. ಗಾಜಿನ ಪಾಚಿಗೆ ಟ್ರೋಕಸ್ ಬಸವನಹುಳು ತಂದೆ: ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ. ಮರಳಿಗೆ ಸೆರಿತ್ ಬಸವನಹುಳು. ಉಂಡೆಯೊಳಗಿನ ಕೂದಲು ಪಾಚಿಯ ಎಳೆಗಳಿಗೆ ಆಂಫಿಪಾಡ್‌ಗಳಷ್ಟು (ಸಿಗಡಿಯಂಥ ಪುಟಾಣಿ ಜೀವಿಗಳು) ಒಳ್ಳೆಯ ಕೂಲಿಯಾಳು ಇನ್ನಿಲ್ಲ. ಅವನ್ನು ತಿನ್ನುವ ಏಡಿಗಳಿಗೆ ಅಲ್ಲಿ ಪ್ರವೇಶವಿಲ್ಲ.

ಕೀಟೊ ಬದಲು ಬೆಳೆಸಬಹುದಾದ ಕಾಲರ್ಪಾ ಪಾಚಿ ನೋಡೋಕೆ ಚಂದ, ಆದರೆ ಒಮ್ಮೊಮ್ಮೆ ರಾತ್ರೋರಾತ್ರಿ ಲಿಂಗಾಣು (ಗ್ಯಾಮೀಟ್) ಬಿಟ್ಟು ನೀರನ್ನೇ ಹಾಲು ಮಾಡುತ್ತದೆ. ಕೀಟೊವೇ ವಾಸಿ.

ರೆಫ್ಯೂಜಿಯಂನ ಲೈಟನ್ನು ರಾತ್ರಿ ಪಾಳಿಗೆ ಹಾಕಿದ್ದೇನೆ. ಹೀಗಾಗಿ ಮುಖ್ಯ ಟ್ಯಾಂಕ್ ಕತ್ತಲಾದಾಗ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಕುಸಿಯೋದು ಕಡಿಮೆ. ಉಂಡೆ ದಪ್ಪವಾದಾಗ ಮೂರನೇ ಒಂದು ಭಾಗ ಕಿತ್ತು, ಒಂದು ಬಟ್ಟಲು ಟ್ಯಾಂಕ್ ನೀರಿನಲ್ಲಿ ಅಲ್ಲಾಡಿಸಿ, ಉದುರಿದ ಆಂಫಿಪಾಡ್‌ಗಳನ್ನು ವಾಪಸ್ ಸುರಿಯುತ್ತೇನೆ.