ರದ್ದಿ ಕಾಗದದ ಮರ ಬಿರುಕು ಬಿಡದಂತೆ ಮಾಡಿದ್ದು

ಹಳೇ ಪತ್ರಿಕೆ ನೆನೆಸಿ, ರುಬ್ಬಿ, ತಂತಿ ಚೌಕಟ್ಟಿಗೆ ಮೆತ್ತಿ ಮರ ಮಾಡುತ್ತಿದ್ದೆ. ಒಣಗಿದರೆ ಕಾಂಡದ ಉದ್ದಕ್ಕೂ ಬೆರಳು ತೂರುವಷ್ಟು ಬಿರುಕು. ಒಳಗೆ ಬೂಷ್ಟು.

ಅಂಟು ಜಾಸ್ತಿ ಹಾಕಿದೆ, ಆಗಲಿಲ್ಲ. ಬಿಸಿಲಲ್ಲಿಟ್ಟೆ, ಬಿರುಕು ಇನ್ನೂ ದೊಡ್ಡದಾಯಿತು.

ತೊಂದರೆ ಇದ್ದದ್ದು ನೀರಿನಲ್ಲಿ. ದಪ್ಪಗೆ ಮೆತ್ತಿದರೆ ಹೊರಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಈಗ ತಿರುಳನ್ನು ಬಟ್ಟೆಯಲ್ಲಿ ಕಟ್ಟಿ, ಹನಿ ಬೀಳುವುದು ನಿಲ್ಲುವವರೆಗೆ ಹಿಂಡುತ್ತೇನೆ. ಹಿಂಡಿದ ತಿರುಳು 4 ಬಟ್ಟಲಿಗೆ ಸೀಮೆಸುಣ್ಣದ ಪುಡಿ 1, ಬಿಳಿ ಅಂಟು 1 ಬಟ್ಟಲು. ಪುಡಿ ಬಿಡಬೇಡಿ, ಕುಗ್ಗುವುದು ಅದರಿಂದ ಕಡಿಮೆಯಾಗುತ್ತದೆ. ಮೊದಲು ತಂತಿಗೆ ಕಾಗದದ ಪಟ್ಟಿ ಸುತ್ತಿ. ಆಮೇಲೆ 3 ಮಿ.ಮೀ. ದಪ್ಪದ ಪದರ ಮೆತ್ತಿ, ನೆರಳಲ್ಲಿ ಗಾಳಿಗಿಡಿ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಹಸಿ ಇದೆ, ಕಾಯಿರಿ. ಪೂರ್ತಿ ಒಣಗಿದ ಮೇಲಷ್ಟೇ ಮುಂದಿನ ಪದರ. ತೊಗಟೆಯ ಗೆರೆಗಳನ್ನು ಕೊನೆಯ ಪದರ ಹಸಿ ಇರುವಾಗಲೇ ಬಾಚಣಿಗೆಯಿಂದ ಎಳೆಯಿರಿ.