ಕಿಮೋ ನಡುವೆ ಕುರ್ಚಿ ಮೇಲಿನ ವ್ಯಾಯಾಮ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಕ್ಯಾನ್ಸರಿಗೆ ಕಿಮೋ, ರೇಡಿಯೇಶನ್ ನಡೆದಿರುವವರಿಗೆ ನಾನು ಮಾಡಿಸುವುದು 20 ನಿಮಿಷದ ವ್ಯಾಯಾಮ. ಏಪ್ರಿಲ್-ಮೇ ಬಿಸಿಲಿಗೆ ಮುಂಜಾನೆ 8ರೊಳಗೇ ಮುಗಿಸಬೇಕು. ಕೈಯಿಲ್ಲದ ಗಟ್ಟಿ ಕಟ್ಟಿಗೆ ಕುರ್ಚಿ, ಅದರ ಬೆನ್ನು ಗೋಡೆಗೆ. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ. ಜಮಖಾನೆಯನ್ನೂ ಎತ್ತಿಡಿಸುತ್ತೇನೆ: ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್ ಎಂಬ ಕಿಮೋ ಔಷಧ ತಗೊಂಡ ಹಲವರಿಗೆ ಪಾದ ಜೋಮು ಹಿಡಿದಿರುತ್ತದೆ, ಅಂಚು ಗೊತ್ತಾಗದೆ ಎಡವುತ್ತಾರೆ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದರೆ ವ್ಯಾಯಾಮ ಇಲ್ಲ, ನೇರ ಆಸ್ಪತ್ರೆಗೆ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಿಸುವುದಿಲ್ಲ. ಕ್ಯಾನ್ಸರ್ ಎಲುಬಿಗೆ ಹರಡಿದವರಿಗೆ ಸೊಂಟ ತಿರುಚುವುದು, ಮುಂದಕ್ಕೆ ಬಗ್ಗುವುದು ಎರಡೂ ಬೇಡ. ಬೆನ್ನುಮೂಳೆ ಮುರಿಯುವ ಭಯ.

ಮೊದಲ 5 ನಿಮಿಷ ಬರೀ ಉಸಿರು. 3 ಎಣಿಸುತ್ತ ಒಳಗೆ, 5 ಎಣಿಸುತ್ತ ಹೊರಗೆ. ಉಸಿರು ಹಿಡಿದಿಡಿಸುವುದಿಲ್ಲ, ಕಪಾಲಭಾತಿಯಂತೂ ಬೇಡವೇ ಬೇಡ. (ಟಿವಿ ನೋಡಿ ಅದನ್ನು ಮಾಡಿಸುವ ಸಂಬಂಧಿಕರು ಎಲ್ಲ ಮನೆಯಲ್ಲೂ ಇರುತ್ತಾರೆ.) ಹೊಟ್ಟೆಯಲ್ಲಿ ಹೊಲಿಗೆ, ಸ್ಟೋಮಾ (ಮಲ, ಮೂತ್ರ ಹೊರಬರಲು ಹೊಟ್ಟೆಯಲ್ಲಿ ಮಾಡಿದ ದಾರಿ) ಇದ್ದರೆ ಅವು ಆ ಒತ್ತಡ ತಾಳುವುದಿಲ್ಲ.

ಸ್ತನದ ಆಪರೇಷನ್ ಆದವರಿಗೆ ಹೆಚ್ಚು ಹೊತ್ತು ಹಿಡಿಯುವುದು ತೋಳಿಗೆ. ಗಾಯದ ನೀರು ಹೊರಬಿಡುವ ಡ್ರೈನ್ ಪೈಪ್ ತೆಗೆಯುವ ತನಕ ಭುಜದ ಮಟ್ಟ ದಾಟಿಸುವುದಿಲ್ಲ. ಆಮೇಲೆ ಬಾದುವಾನ್‌ಜಿನ್ ಎಂಬ ಚೀನಾದ ಎಂಟು ಚಲನೆಗಳ ವ್ಯಾಯಾಮದ ಮೊದಲ ಚಲನೆ: ಬೆರಳು ಹೆಣೆದು, ಗಟ್ಟಿಯಿರುವ ಕೈ ಇನ್ನೊಂದನ್ನು ಹೊತ್ತು ಮೇಲಕ್ಕೆ ಒಯ್ಯುತ್ತದೆ. ಉಸಿರು ತಗೊಳ್ಳುತ್ತ ಏರಿಸಿ, ಬಿಡುತ್ತ ಇಳಿಸಿ, 4 ಸಲ. ಜಗ್ಗಿದಂತಾದರೆ ಸರಿ, ಚುಚ್ಚಿದರೆ ಅಲ್ಲೇ ನಿಲ್ಲಿ. ಎಲ್ಲರೂ ಇಲ್ಲೇ ಎಡವುವುದು: ಭುಜ ಕಿವಿಗೇರಿಸಿ, ಮೈ ಒಂದು ಕಡೆ ವಾಲಿಸಿ ಕೈ ಎತ್ತುತ್ತಾರೆ. ಕೈ ಮೇಲೆ ಹೋದಂತೆ ಕಾಣುತ್ತದೆ, ಕೀಲು ಮಾತ್ರ ಇದ್ದಲ್ಲೇ. ಎದುರಿಗೆ ಕನ್ನಡಿ ಇಟ್ಟು ಎತ್ತರ ಅರ್ಧಕ್ಕೆ ಇಳಿಸಿದರೆ ಸರಿಹೋಗುತ್ತದೆ. ನಂತರ ಗೋಡೆಗೆ ಮುಖ ಮಾಡಿ ಬೆರಳುಗಳನ್ನು ಮೇಲಕ್ಕೆ ನಡೆಸಿ, ಮುಟ್ಟಿದಲ್ಲಿ ಪೆನ್ಸಿಲ್ ಗೆರೆ. ರೇಡಿಯೇಶನ್ ಮುಗಿದು ತಿಂಗಳುಗಳಾದ ಮೇಲೂ ಎದೆಯ ಚರ್ಮ, ಸ್ನಾಯು ಬಿಗಿಯಬಹುದು. ಗೆರೆ ಕೆಳಗಿಳಿದರೆ ಬೇಗ ತಿಳಿಯುತ್ತದೆ.

ಕಂಕುಳ ದುಗ್ಧಗ್ರಂಥಿ (ಲಿಂಫ್ ಗಂಟು) ತೆಗೆಸಿದವರ ಬಳೆ ನೋಡುತ್ತೇನೆ. "ಬಳಿ ಬಿಗಿ ಆಗಾಕತ್ತೈತ್ರಿ, ಕೈ ಭಾರ ಅನಸ್ತೈತ್ರಿ" ಅಂದರೆ ಅವತ್ತು ತೋಳಿನ ಕೆಲಸ ಬಂದ್. ಬಾವು ಡಾಕ್ಟರಿಗೆ ತೋರಿಸಬೇಕು. ಕಂಪ್ರೆಷನ್ ಸ್ಲೀವ್ (ಬಾವಿಗೆ ಹಾಕುವ ಬಿಗಿ ತೋಳುಚೀಲ) ಕೊಟ್ಟಿದ್ದರೆ ಹಾಕಿಕೊಂಡೇ ಮಾಡಬೇಕು.

ಕಿಮೋ ಆದ ಮೊದಲ ದಿನಗಳಲ್ಲಿ ಉಸಿರು, ಪಾದದ ಕೀಲು ತಿರುಗಿಸುವುದು, ಇಷ್ಟೇ. ಮರುದಿನ ಮುಂಜಾನೆ ಸುಸ್ತು ಹೆಚ್ಚಾಗಿದ್ದರೆ 4 ಸಲದ್ದನ್ನು 2ಕ್ಕೆ ಇಳಿಸುತ್ತೇನೆ. ಹೆಚ್ಚಿಸುವಾಗ ವಾರಕ್ಕೆ ಒಂದೇ ಸಲ.