ಮಾರ್ಚ್ 31ರ ಮೊದಲು ಬಾಕಿ ವಸೂಲಿ: ಹಲಸಿನ ಹಪ್ಪಳದ ವ್ಯಾಪಾರದಲ್ಲಿ ನನ್ನ ಅನುಭವ

ಸೂಪರ್ ಮಾರ್ಕೆಟಿನವರಿಂದ ಬಾಕಿ ಹಣವನ್ನು ವ್ಯಾಪಾರ ಕೆಡಿಸಿಕೊಳ್ಳದೆ ವಸೂಲು ಮಾಡುವುದು ಆಗದ ಕೆಲಸವೆಂದು ನನಗೆ ಬುದ್ಧಿ ಹೇಳದ ತಯಾರಕರು ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಕಡೆ ಬಹುಶಃ ಯಾರೂ ಇಲ್ಲ. ಹಾಗೆ ಹೇಳಿದವರಲ್ಲಿ ಕೆಲವರು ಈಗ ತಮ್ಮ ಬಿಲ್ಲುಗಳ ಕಟ್ಟು ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿರುವುದರಿಂದ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುವುದೇ ಲೇಸೆಂದು ಕುಳಿತಿದ್ದೇನೆ. ನಾನು ಮಾಡಿದ್ದು ಇಷ್ಟೇ: ಜಗಳವನ್ನು ಖರೀದಿ ಮ್ಯಾನೇಜರರ ಮೇಜಿನಿಂದ ಎತ್ತಿ ಅವರದೇ ಲೆಕ್ಕಪತ್ರ ವಿಭಾಗದ ಮೇಜಿನ ಮೇಲೆ ಇಟ್ಟೆ, ಅದನ್ನೂ ಫೆಬ್ರವರಿ ತಿಂಗಳಲ್ಲಿ ಇಟ್ಟೆ.

ನಮ್ಮದು ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ ಮತ್ತು ಸ್ವಲ್ಪ ಪುನರ್ಪುಳಿ ಶರಬತ್ತು ತಯಾರಿಸುವ ಘಟಕ. ವರ್ಷದ ವಹಿವಾಟು ಸುಮಾರು 38–40 ಲಕ್ಷ ರೂಪಾಯಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ಕೇರಳದ ಗಡಿ ದಾಟಿ ಮಂಗಳೂರಿಗೆ, ಒಂದಿಷ್ಟು ಬೆಂಗಳೂರಿಗೆ ಹೋಗುತ್ತದೆ. ಹಪ್ಪಳ ಮಾಡುವ ಕ್ರಮ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಬಿಟ್ಟು ಹಣದ ಕ್ರಮವನ್ನಷ್ಟೇ ನೆನಪಿಸುತ್ತೇನೆ. ಮಾರ್ಚಿನಿಂದ ಮೇ ಕೊನೆಯ ಪತ್ತನಾಜೆಯವರೆಗಿನ ಬಿಸಿಲಿನ ದಿನಗಳಲ್ಲಿ ಕಾಯಿ ಕೊಳ್ಳುವುದಕ್ಕೂ, ಸೊಳೆ ಬಿಡಿಸಿ ಹಪ್ಪಳ ಒತ್ತುವ ಹದಿನಾಲ್ಕು ಹದಿನೈದು ಮಂದಿಯ ದಿನಗೂಲಿಗೂ ಐದಾರು ಲಕ್ಷ ನಗದು ಕೈಯಲ್ಲಿರಬೇಕು. ಮಾರಾಟ ಜೋರಾಗುವುದು ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಗಾಲದಲ್ಲಿ. ಆಟಿಯಲ್ಲಿ ಕೊಟ್ಟ ಸರಕಿನ ಹಣ ಬರುತ್ತಿದ್ದುದು ದೀಪಾವಳಿ ಕಳೆದ ಮೇಲೆ, ಕೆಲವು ಸಲ ಶಿವರಾತ್ರಿಯ ಹೊತ್ತಿಗೆ. ಆ ನಡುವಿನ ಕಾಲಕ್ಕೆ ಸಹಕಾರಿ ಬ್ಯಾಂಕಿನಲ್ಲಿ ಬಂಗಾರ ಅಡವಿಟ್ಟು ತಂದ ಸಾಲದ ಬಡ್ಡಿಯೇ ವರ್ಷಕ್ಕೆ ಮೂವತ್ತೈದು ನಲವತ್ತು ಸಾವಿರವಾಗುತ್ತಿತ್ತು. ಅಡಿಕೆ ಬೆಳೆಗಾರರ ಬೆನ್ನಿಗೆ 1973ರಿಂದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಇದೆ. ಹಪ್ಪಳದವರ ಬೆನ್ನಿಗೆ ಅಂಥದ್ದು ಯಾವುದೂ ಇಲ್ಲ.

ತಡವಾಗಿ ಕೊಡುವುದಕ್ಕಿಂತ ಹೆಚ್ಚು ನೋಯಿಸುತ್ತಿದ್ದುದು ಕಡಿತ. ನೂರು ರೂಪಾಯಿಯ ಬಿಲ್ಲಿನಲ್ಲಿ ಸ್ಕೀಮ್ ಎಂದು ನಾಲ್ಕು, ಡ್ಯಾಮೇಜ್ ಎಂದು ಮೂರು, ಹೊಸ ಶಾಖೆ ತೆರೆದದ್ದಕ್ಕೆ ಶೆಲ್ಫ್ ಬಾಡಿಗೆಯೆಂದು ಎರಡು, ಹೀಗೆ ಕಡಿದು ತೊಂಬತ್ತೊಂದು ಕೈಗೆ ಬರುತ್ತಿತ್ತು. ನಮ್ಮ ಲಾಭವೇ ಹನ್ನೊಂದು ಹನ್ನೆರಡು ರೂಪಾಯಿ ಇರುವಲ್ಲಿ ಇದರ ಅರ್ಥವೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದಾಗ, ಸರಕು ಹೊತ್ತಿಗೆ ತಲುಪಲಿಲ್ಲವೆಂದು ಒಬ್ಬ ಖರೀದಿದಾರರು ನಮಗೆ ದಂಡ ಹಾಕಿದ ಡೆಬಿಟ್ ನೋಟ್ ನನ್ನ ಫೈಲಿನಲ್ಲಿ ಇನ್ನೂ ಇದೆ.

ಮೊದಲು ಮಾಡಿ ನೋಡಿದ ಉಪಾಯಗಳೆಲ್ಲ ಹಣ ತಿಂದವು. ಹತ್ತು ದಿನದೊಳಗೆ ಹಣ ಕೊಟ್ಟರೆ ನೂರಕ್ಕೆ ಎರಡು ರೂಪಾಯಿ ರಿಯಾಯಿತಿ ಎಂದು ಬಿಲ್ಲಿನಲ್ಲಿ ಮುದ್ರಿಸಿದೆ; ಅವರು ಎರಡು ರೂಪಾಯಿಯನ್ನು ತಪ್ಪದೆ ಕಳೆದು, ಹಣವನ್ನು ಎಪ್ಪತ್ತು ದಿನಕ್ಕೆ ಕೊಟ್ಟರು. ಸರಕು ನಿಲ್ಲಿಸಿ ನೋಡಿದೆ. ತಿಂಗಳೊಳಗೆ ನಮ್ಮ ಜಾಗದಲ್ಲಿ ಬೇರೆಯವರ ಹಪ್ಪಳ ಬಂದು ಕುಳಿತಿತು, ಮತ್ತೆ ಒಳಗೆ ಹೋಗಲು ಲಿಸ್ಟಿಂಗ್ ಫೀ ಎಂದು ಹನ್ನೆರಡು ಸಾವಿರ ತೆರಬೇಕಾಯಿತು. ಮಂಗಳೂರಿನ ವಕೀಲರ ಮೂಲಕ ನೋಟಿಸು ಕೊಡಿಸಲು ಎಂಟು ಸಾವಿರದಷ್ಟು ಖರ್ಚಾಯಿತು. ವ್ಯಾಜ್ಯವೇನಿದ್ದರೂ ಬೆಂಗಳೂರಿನ ನ್ಯಾಯಾಲಯದಲ್ಲೇ ನಡೆಯಬೇಕೆಂಬ, ಪರ್ಚೇಸ್ ಆರ್ಡರಿನ ಹಿಂಬದಿಯ ಸಣ್ಣ ಅಕ್ಷರದ ಸಾಲನ್ನು ತೋರಿಸಿ ಅವರು ಸುಮ್ಮನಾದರು. ಬಿಲ್ಲನ್ನು ಹರಾಜಿಗಿಟ್ಟು ಬ್ಯಾಂಕಿನಿಂದ ಮುಂಚಿತವಾಗಿ ಹಣ ಪಡೆಯುವ ಟ್ರೆಡ್ಸ್ ವ್ಯವಸ್ಥೆಯ ಬೆನ್ನು ಹತ್ತಿಯೂ ಒಂದಷ್ಟು ವಾರ ಕಳೆದೆ. ಖರೀದಿದಾರರೂ ಅದರಲ್ಲಿ ನೋಂದಾಯಿಸಿಕೊಂಡು ನಮ್ಮ ಬಿಲ್ಲನ್ನು ಒಪ್ಪಬೇಕು. ಆಗ ಅದು ಕಡ್ಡಾಯವಾಗಿದ್ದುದು 500 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳಿಗೆ, 2024ರ ನವೆಂಬರಿನಲ್ಲಿ ಅದನ್ನು 250 ಕೋಟಿಗೆ ಇಳಿಸಿದರು. ನಮ್ಮ ಮಂಗಳೂರಿನ ಗಿರಾಕಿಗಳು ಎರಡೂ ಲೆಕ್ಕಕ್ಕೆ ಸಿಗುವವರಲ್ಲ.

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದು ಮಾಡಿದ 2006ರ ಎಂಎಸ್‌ಎಂಇ ಕಾಯ್ದೆಯ 45 ದಿನಗಳ ನಿಯಮ ನಮಗೆಲ್ಲ ಮೊದಲೇ ಗೊತ್ತಿತ್ತು. ಲಿಖಿತ ಒಪ್ಪಂದವಿದ್ದರೂ ಹಣ ಕೊಡುವುದು 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋಗುವಂಥದ್ದು. ಆ ಹೊತ್ತಿನ ಬ್ಯಾಂಕ್ ದರ ಶೇ. 6.75 ಇದ್ದುದರಿಂದ ಬಡ್ಡಿ ಶೇ. 20.25 ಆಗುತ್ತಿತ್ತು. ಕಾಯ್ದೆಯಲ್ಲಿ ಇಷ್ಟೆಲ್ಲ ಇದ್ದರೂ ಖರೀದಿ ಮ್ಯಾನೇಜರರ ಎದುರು ಅದನ್ನು ಓದಿದರೆ ಅವರು ನಗುತ್ತಿದ್ದರು, ಏಕೆಂದರೆ ಬಡ್ಡಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾವು ಕೇಳದಿದ್ದರೂ ಅವರಿಗೆ ತಾನಾಗಿ ನಷ್ಟವಾಗುವ ಒಂದು ನಿಯಮ ಬೇಕಿತ್ತು. ಅದು 2023ರ ಹಣಕಾಸು ಕಾಯ್ದೆಯ ಮೂಲಕ 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ 43ಬಿ(ಎಚ್) ಕಲಮು. ಸೂಕ್ಷ್ಮ ಮತ್ತು ಸಣ್ಣ ಉದ್ಯಮದವರಿಗೆ ಕೊಡಬೇಕಾದ ಹಣವನ್ನು ಆ ಗಡುವಿನೊಳಗೆ ಕೊಡದೆ, ಮಾರ್ಚ್ 31ಕ್ಕೂ ಬಾಕಿ ಉಳಿಸಿಕೊಂಡರೆ, ಆ ವರ್ಷದ ಖರ್ಚಿನಲ್ಲಿ ಅದನ್ನು ತೋರಿಸುವಂತಿಲ್ಲ. ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ತೋರಿಸಬೇಕು. ಅಂದರೆ ನಮ್ಮ ನಾಲ್ಕೂವರೆ ಲಕ್ಷ ಬಾಕಿ ಅವರ ಪುಸ್ತಕದಲ್ಲಿ ಆ ವರ್ಷದ ಲಾಭವಾಗಿ ಕುಳಿತು ತೆರಿಗೆ ಎಳೆಯುತ್ತದೆ. ಇದು ಮೊದಲ ಸಲ ಕಚ್ಚಿದ್ದು 2024ರ ಮಾರ್ಚಿನಲ್ಲಿ, ಹಲಸಿನ ಕಾಯಿ ಬಲಿತು ನಮಗೆ ನಗದು ಬೇಕಾಗುವ ಅದೇ ತಿಂಗಳಲ್ಲಿ.

ಫೆಬ್ರವರಿಯ ಮೊದಲ ವಾರದಲ್ಲಿ ಪ್ರತಿಯೊಬ್ಬ ದೊಡ್ಡ ಖರೀದಿದಾರರಿಗೆ ನಾನು ಕಳುಹಿಸಿದ್ದು ಬೆದರಿಕೆಯ ಪತ್ರವಲ್ಲ, ಬಾಕಿ ದೃಢೀಕರಣ ಪತ್ರ: ಬಿಲ್ ಸಂಖ್ಯೆ, ಸರಕು ತಲುಪಿದ ದಿನ, ಗಡುವು ಮುಗಿದ ದಿನ, ಬಾಕಿ ಮೊತ್ತ, ಕೆಳಗೆ ನಮ್ಮ ಉದ್ಯಮ್ ಸಂಖ್ಯೆ (ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ನೋಂದಣಿ ಸಂಖ್ಯೆ), ಮತ್ತು ಇದನ್ನು ತಮ್ಮ ಲೆಕ್ಕಪರಿಶೋಧಕರಿಗೆ ದಯವಿಟ್ಟು ತಲುಪಿಸಬೇಕೆಂಬ ಒಂದು ವಿನಂತಿ. ಪತ್ರ ಹೋದದ್ದು ಅಕೌಂಟ್ಸ್ ವಿಭಾಗದ ಹೆಸರಿಗೆ. ಖರೀದಿ ಮ್ಯಾನೇಜರರಿಗೆ ಮಾರ್ಜಿನ್ ಹೆಚ್ಚು ತೋರಿಸಿದರೆ ಭೇಷ್ ಸಿಗುತ್ತದೆ. ಅಕೌಂಟ್ಸಿನವರಿಗೆ ಲೆಕ್ಕಪರಿಶೋಧಕರ ಮುಂದೆ ಉತ್ತರ ಹೇಳುವ ಕೆಲಸವಿರುತ್ತದೆ. ಒಬ್ಬರಿಗೆ ಲಾಭವೆಂದು ಕಾಣುವುದು ಇನ್ನೊಬ್ಬರಿಗೆ ತಲೆನೋವು, ನನ್ನ ಉಪಾಯವೆಲ್ಲ ಆ ಸಂದಿನಲ್ಲಿದೆ. ಅವರು ಸಹಿ ಹಾಕಿ ಹಿಂದಿರುಗಿಸಿದ ಪತ್ರಕ್ಕೆ ಇನ್ನೊಂದು ಬೆಲೆಯೂ ಉಂಟು: ಕಾಲಮಿತಿ ಕಾಯ್ದೆಯ ಪ್ರಕಾರ ಅದು ಸಾಲದ ಒಪ್ಪಿಗೆ, ಅಲ್ಲಿಂದ ಮತ್ತೆ ಮೂರು ವರ್ಷ ಲೆಕ್ಕಕ್ಕೆ ಸಿಗುತ್ತದೆ. ಸಹಿ ಬೀಳುವಂತೆ ಪತ್ರದಲ್ಲಿ ನಾನು ಸೇರಿಸುವ ಒಂದು ಸಾಲಿನ ಒಕ್ಕಣೆಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಎಲ್ಲರ ಪತ್ರದಲ್ಲೂ ಅದೇ ಸಾಲು ಕಂಡರೆ ಅವರ ಕಡೆಯವರು ಅದಕ್ಕೊಂದು ಸಿದ್ಧ ಉತ್ತರ ಮಾಡಿಟ್ಟುಕೊಳ್ಳುತ್ತಾರೆ.

"ಅಕ್ಕ, ಹತ್ತು ವರ್ಷದಿಂದ ನಿಮ್ಮ ಸಾಮಾನು ಇಡುತ್ತಿದ್ದೇವೆ, ಈಗ ಆಡಿಟರಿಗೆ ಕಾಗದ ಬರೆಯುವುದು ಸರಿಯಾ?" ಎಂದು ಒಬ್ಬ ಮ್ಯಾನೇಜರು ಫೋನು ಮಾಡಿದರು. "ವರ್ಷದ ಕೊನೆಗೆ ಲೆಕ್ಕ ತಾಳೆ ನೋಡುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅಷ್ಟೇ" ಎಂದೆ. ನಾಲ್ಕೂವರೆ ಲಕ್ಷದ ಆಸುಪಾಸಿನ ಬಾಕಿಯಲ್ಲಿ ನಾಲ್ಕು ಲಕ್ಷಕ್ಕೂ ಸ್ವಲ್ಪ ಹೆಚ್ಚು ಮಾರ್ಚ್ 28ರೊಳಗೆ ಖಾತೆಗೆ ಬಂತು. ಆ ವರ್ಷ ಬಂಗಾರ ಬ್ಯಾಂಕಿಗೆ ಹೋಗಲಿಲ್ಲ.

ಬಡ್ಡಿಯ ವಿಷಯದಲ್ಲಿ ನನ್ನ ಕ್ರಮ ಬೇರೆಯವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಆರು ತಿಂಗಳ ತಡಕ್ಕೆ ಸುಮಾರು 47 ಸಾವಿರ ಲೆಕ್ಕ ಹಾಕಿ ತೋರಿಸಿದೆ, ಆ ಬಡ್ಡಿಯನ್ನು ಅವರು ಖರ್ಚಿಗೆ ಹಾಕಿಕೊಳ್ಳುವಂತಿಲ್ಲವೆಂಬ 2006ರ ಕಾಯ್ದೆಯ 23ನೆಯ ಕಲಮನ್ನೂ ತೋರಿಸಿದೆ, ಆಮೇಲೆ ಅದನ್ನು ಕೇಳಲಿಲ್ಲ. ಬದಲಿಗೆ ಎರಡು ಷರತ್ತುಗಳನ್ನು ಲಿಖಿತವಾಗಿ ಪಡೆದೆ: ನಾವು ಕ್ರೆಡಿಟ್ ನೋಟ್, ಅಂದರೆ ಇಷ್ಟು ಕಡಿಯಬಹುದೆಂಬ ಚೀಟಿ, ಕೊಡದೆ ಅವರು ಏನನ್ನೂ ಕಡಿಯುವಂತಿಲ್ಲ, ಮತ್ತು ಸರಕಿನ ಬಗ್ಗೆ ತಕರಾರಿದ್ದರೆ ತಲುಪಿದ 15 ದಿನದೊಳಗೆ ಬರೆದು ತಿಳಿಸಬೇಕು. ಎರಡನೆಯದು ಹೊಸ ಬೇಡಿಕೆಯೇನಲ್ಲ. 15 ದಿನದಲ್ಲಿ ಲಿಖಿತ ಆಕ್ಷೇಪ ಬಾರದಿದ್ದರೆ ಸರಕು ತಲುಪಿದ ದಿನವೇ ಒಪ್ಪಿಕೊಂಡ ದಿನವೆಂದು ಕಾಯ್ದೆಯೇ ಹೇಳುತ್ತದೆ. ನಗದಾಗಿ 47 ಸಾವಿರ ಒಮ್ಮೆ ಬರುತ್ತಿತ್ತು. ಕಡಿತ ನಿಂತದ್ದರಿಂದ ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಉಳಿಯುತ್ತಿದೆ.

ರಿಟರ್ನ್ ಬಗ್ಗೆ ಒಂದು ಪ್ರಯೋಗವನ್ನು ಇಲ್ಲಿಯೇ ಹೇಳಬೇಕು. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗಿದೆಯೆಂದು ಕಟ್ಟುಗಟ್ಟಲೆ ಹಿಂದೆ ಬರುತ್ತಿತ್ತು. ಲೇಬಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಹೇಗೂ ಹಾಕಲೇಬೇಕಾದ್ದರಿಂದ, ಒಬ್ಬೊಬ್ಬ ಖರೀದಿದಾರರಿಗೆ ಒಂದೊಂದು ಕೊನೆಯಕ್ಷರ ಬರುವಂತೆ ಮಾಡಿದೆ. ಆ ಆಟಿಯಲ್ಲಿ ಒಂದು ಅಂಗಡಿಯಿಂದ ಹಿಂದೆ ಬಂದ ಕಟ್ಟುಗಳಲ್ಲಿ ಮೂರರಲ್ಲಿ ಒಂದು ಪಾಲು ನಾವು ಅವರಿಗೆ ಕೊಟ್ಟದ್ದೇ ಅಲ್ಲ; ಬೇರೆಡೆ ಕಡಿಮೆ ಬೆಲೆಗೆ ಕೊಂಡದ್ದನ್ನು ನಮ್ಮ ತಲೆಗೆ ಕಟ್ಟಿದ್ದರು. ಉಳಿದವು ಐಸ್‌ಕ್ರೀಮ್ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು ತೇವ ಹಿಡಿದವು, ಅದನ್ನು ನಾನೇ ಹೋಗಿ ನೋಡಿದ್ದೇನೆ. ಅಕ್ಷರವನ್ನು ಕೆಲವರು ಈಗ ಗುರುತಿಸಿದ್ದಾರೆ. ಅದಕ್ಕೇ ಕಟ್ಟಿನೊಳಗೆ ಇನ್ನೊಂದು ಗುರುತು ಇದೆ, ಅದು ಎಲ್ಲಿದೆಯೆಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ಈ ತಗಾದೆಗಳನ್ನು ವಿಂಗಡಿಸುವುದಕ್ಕೆ ನನಗೆ ನೆರವಾದದ್ದು ಐರೋಪ್ಯ ಒಕ್ಕೂಟದ 2019ರ ನಿರ್ದೇಶನ. ಆಹಾರ ಪೂರೈಕೆಯಲ್ಲಿ ದೊಡ್ಡವರು ಸಣ್ಣವರಿಗೆ ಮಾಡಬಾರದ್ದನ್ನು ಅದು ಪಟ್ಟಿ ಮಾಡಿದೆ: ಬೇಗ ಕೆಡುವ ಸರಕಿಗೆ 30 ದಿನ, ಉಳಿದದ್ದಕ್ಕೆ 60 ದಿನ ಮೀರಿ ಹಣ ಬಾಕಿ ಇಡುವುದು, ಕೆಡುವ ಸರಕಿನ ಆರ್ಡರನ್ನು ಕೊನೆಯ ಗಳಿಗೆಯಲ್ಲಿ ರದ್ದು ಮಾಡುವುದು, ಷರತ್ತನ್ನು ಒಬ್ಬರೇ ಬದಲಿಸುವುದು, ತಮ್ಮ ಅಂಗಡಿಯಲ್ಲಿ ಹಾಳಾದದ್ದಕ್ಕೆ ಪೂರೈಸಿದವರಿಂದ ಹಣ ಕೇಳುವುದು, ದೂರು ಕೊಟ್ಟವರ ಮೇಲೆ ಸೇಡು ತೀರಿಸುವುದು. ಆ ತಲೆಬರಹಗಳನ್ನೇ ಹಾಕಿ ನನ್ನ ಮೂರು ವರ್ಷದ ಲೆಡ್ಜರನ್ನು ಮತ್ತೆ ಬರೆದೆ. ಕಾಯ್ದೆ ನಮ್ಮದಲ್ಲದಿದ್ದರೂ ಎಲ್ಲಿ ಎಷ್ಟು ಹೋಯಿತೆಂಬುದು ಆಗಲೇ ಕಣ್ಣಿಗೆ ಬಿದ್ದದ್ದು. ಅದರಲ್ಲಿರುವ ಸೇಡಿಗೆ ತಡೆ, ದೂರುದಾರರ ಹೆಸರಿಗೆ ಮುಚ್ಚಳ, ಇವೆರಡೂ ನಮ್ಮ 2006ರ ಕಾಯ್ದೆಯಲ್ಲಿ ಇಲ್ಲ. ಹಾಗಾಗಿ ನೆರೆಯವರ ಹೆದರಿಕೆ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ: ಒಬ್ಬ ಖರೀದಿದಾರರು ಉದ್ಯಮ್ ನೋಂದಣಿಯನ್ನೇ ರದ್ದು ಮಾಡಿ ಬನ್ನಿ ಎಂದರು, ನಾನು ಒಪ್ಪಲಿಲ್ಲ, ವರ್ಷಕ್ಕೆ ಆರೇಳು ಲಕ್ಷದ ವ್ಯಾಪಾರ ಹೋಯಿತು. ಅವರ ಕಡಿತ ಕಳೆದು ನೋಡಿದರೆ ಆ ವ್ಯಾಪಾರದಲ್ಲಿ ಉಳಿಯುತ್ತಿದ್ದುದು ಹದಿನೈದು ಸಾವಿರವೂ ಅಲ್ಲ.

ಎಲ್ಲೆಡೆ ಈ ದಾರಿ ನಡೆಯದು. ಕೊಂಡು ತಂದು ಕಟ್ಟು ಕಟ್ಟಿ ಮಾರುವವರು, ಅಂದರೆ ಬರೀ ವ್ಯಾಪಾರಿಗಳು, ಉದ್ಯಮ್ ಸಂಖ್ಯೆ ಇದ್ದರೂ ಈ 45 ದಿನದ ರಕ್ಷಣೆಗೆ ಬರುವುದಿಲ್ಲ. ತಯಾರಿಕೆ ನಿಮ್ಮದೇ ಆಗಿರಬೇಕು, ನೋಂದಣಿ ಸರಕು ಕೊಡುವ ಮೊದಲೇ ಆಗಿರುವುದು ಕ್ಷೇಮ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ಅಂಗಡಿಯವರಿಗೆ ಆ ತೆರಿಗೆ ನಿಯಮ ತಟ್ಟುವುದಿಲ್ಲ, ಅಲ್ಲಿ ಹಳೆಯ ಹಾಗೆ ಹೋಗಿ ಕುಳಿತು ಕೇಳಬೇಕು. ಬಿಲ್ ಆಗಿ 180 ದಿನದೊಳಗೆ ಹಣ ಕೊಡದಿದ್ದರೆ ಖರೀದಿದಾರರು ಕೊಂಡ ಸರಕಿನ ತೆರಿಗೆಯೆಂದು ತಮ್ಮ ತೆರಿಗೆಯಲ್ಲಿ ವಜಾ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಬಡ್ಡಿ ಸಹಿತ ಹಿಂದೆ ಹೋಗಬೇಕೆಂಬ ನಿಯಮವನ್ನೂ ನಾನು ಬಳಸಿದೆ; ಹಪ್ಪಳಕ್ಕೆ ತೆರಿಗೆಯೇ ಇಲ್ಲದ್ದರಿಂದ ಅದು ಉಪ್ಪಿನಕಾಯಿ ಮತ್ತು ಶರಬತ್ತಿನ ಬಿಲ್ಲುಗಳಿಗೆ ಮಾತ್ರ ಕೆಲಸಕ್ಕೆ ಬಂತು.

ಉಳಿದದ್ದು ಬೆಂಗಳೂರಿನ ಒಬ್ಬರ ಬಾಕಿ, ನಲವತ್ತು ಸಾವಿರದ ಹತ್ತಿರ. ನ್ಯಾಯಾಲಯ ಬೆಂಗಳೂರಿನದೆಂಬ ಅವರ ಸಣ್ಣ ಅಕ್ಷರಕ್ಕೆ ಉತ್ತರ 2006ರ ಕಾಯ್ದೆಯ 18ನೆಯ ಕಲಮಿನಲ್ಲೇ ಇತ್ತು: ಖರೀದಿದಾರರು ಭಾರತದಲ್ಲಿ ಎಲ್ಲಿದ್ದರೂ, ಪೂರೈಸಿದವರು ಇರುವ ರಾಜ್ಯದ, ಇಂಥ ಬಾಕಿಯ ವ್ಯಾಜ್ಯ ತೀರಿಸುವ ಫೆಸಿಲಿಟೇಶನ್ ಕೌನ್ಸಿಲಿಗೆ ಅಧಿಕಾರವಿದೆ. ಗಡಿಯ ಈಚೆ ಕುಳಿತು ಆಚೆಗೆ ಮಾರುವ ನಮಗೆ ಇದಕ್ಕಿಂತ ಉಪಯೋಗದ ಸಾಲು ಆ ಕಾಯ್ದೆಯಲ್ಲಿಲ್ಲ. ಸರಕಾರದ ಸಮಾಧಾನ್ ಜಾಲತಾಣದಲ್ಲಿ ಅರ್ಜಿ ಹಾಕಿ, ನಮ್ಮ ಕನ್ನಡದ ಡೆಲಿವರಿ ಚೀಟಿಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿದೆ. ಒಟ್ಟು ಖರ್ಚು ಎರಡು ಸಾವಿರ ದಾಟಿಲ್ಲ. 90 ದಿನದಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳಿದರೂ ವರ್ಷ ಕಳೆದಿದೆ. ಆದೇಶ ನಮ್ಮ ಪರವಾಗಿ ಬಂದರೆ ಅದನ್ನು ಪ್ರಶ್ನಿಸುವುದಕ್ಕೂ ಅವರು ಮೊತ್ತದ ಶೇ. 75ರಷ್ಟನ್ನು ಮೊದಲು ಠೇವಣಿ ಇಡಬೇಕಾದ್ದರಿಂದಲೋ ಏನೋ, ಈಚೆಗೆ ಅವರ ಕಡೆಯಿಂದ ರಾಜಿಯ ಮಾತು ಬಂದಿದೆ. ಅವರು ಹೇಳಿದ ಮೊತ್ತ ಅಸಲಿಗಿಂತ ಕಡಿಮೆ ಇರುವುದರಿಂದ ನಾನು ಒಪ್ಪಿಲ್ಲ.